ಅತಿಥಿಗಾಗಿ ನಾಲೆಗೆ ಬಿದ್ದ ಮಂಜಣ್ಣ

ಹೋದ ವರ್ಷ ಸಂಕ್ರಾಂತಿ ಮುಗಿದು, ಬೇಸಿಗೆ ಬೆಳೆಗೆಂದು ಭದ್ರಾ ನಾಲೆಗೆ ನೀರು ಬಿಟ್ಟ ವಾರ. ಶಿವಮೊಗ್ಗದ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುವ ನನಗೆ ಪ್ರಾಂಶುಪಾಲರು ಮೂರು ದಿನದ ಮಟ್ಟಿಗೆ ಬೇರೆ ಕೆಲಸ ಹಚ್ಚಿದರು. ಉಕ್ರೇನಿನಿಂದ ಒಲೇನಾ ಎಂಬ ಸಾಕ್ಷ್ಯಚಿತ್ರ ನಿರ್ದೇಶಕಿ ಬರುತ್ತಾರೆ, ಅವರ ಜೊತೆ ಭದ್ರಾವತಿಗೆ ಹೋಗಿ ಮಾತು ಅನುವಾದಿಸಿ ಕೊಡಬೇಕು ಎಂದರು. ಸುಮ್ಮನೆ ಕೂರಲಾಗದ ಬಾಯಿ ನನ್ನದು, ಖುಷಿಯಿಂದ ಒಪ್ಪಿಕೊಂಡೆ.

ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದಲ್ಲಿ ಇಳಿದ ಒಲೇನಾ ನಲವತ್ತರ ಆಸುಪಾಸಿನ, ಕಡಿಮೆ ಮಾತಿನ ಹೆಂಗಸು. ಯುದ್ಧದಲ್ಲಿ ಕುಸಿದ ಮನೆಗಳಿಂದ ಮುದುಕರನ್ನು, ನೆರೆ ನುಗ್ಗಿದ ಹಳ್ಳಿಗಳಿಂದ ಹಸು, ನಾಯಿಗಳನ್ನು ಹೊರಗೆ ತರುವ ಸಾಮಾನ್ಯ ಜನರ ಮೇಲೆ ಅವರು ಚಿತ್ರ ಮಾಡಿದ್ದರು. ಈಗ ಬೇರೆ ದೇಶಗಳಲ್ಲೂ ಅಂಥವರನ್ನು ಹುಡುಕುತ್ತಿದ್ದರು. ಭದ್ರಾವತಿಯಲ್ಲಿ ಸಿಕ್ಕವರು ಸೆಲ್ವರಾಜಣ್ಣ. ಅಲ್ಲಿನ ಉಕ್ಕಿನ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಹಗ್ಗ ಹೆಗಲಿಗೇರಿಸಿಕೊಂಡು ನಾಲೆ ಏರಿಯ ಮೇಲೆ ಓಡಾಡುವುದೇ ಅವರ ದಿನಚರಿ. ಕಾಲು ಜಾರಿ ಬಿದ್ದ ಎಷ್ಟೋ ಜನರನ್ನು, ದನಗಳನ್ನು ದಡಕ್ಕೆ ಎಳೆದು ಹಾಕಿದ್ದಾರೆ.

ಎರಡು ದಿನ ಯಾರೂ ಬೀಳಲಿಲ್ಲ. ಸೆಲ್ವರಾಜಣ್ಣ ಟೀ ಕುಡಿಯುವುದು, ಬಟ್ಟೆ ಒಗೆಯುವವರನ್ನು ಗದರುವುದು, ನೀರಿನ ಮೇಲೆ ಹಾರುವ ಬೆಳ್ಳಕ್ಕಿ ನೋಡುತ್ತಾ ಕೂರುವುದು, ಇಷ್ಟನ್ನೇ ಒಲೇನಾ ಚಿತ್ರೀಕರಿಸಿದರು. ಎರಡನೇ ದಿನ ಸಂಜೆ ಸೆಲ್ವರಾಜಣ್ಣ ನನ್ನನ್ನು ಪಕ್ಕಕ್ಕೆ ಕರೆದರು.

“ಟೀಚರ್, ಅಷ್ಟು ದೂರದಿಂದ ಬಂದಿದ್ದಾರೆ. ನಾನು ಟೀ ಕುಡಿಯೋದಷ್ಟೇ ತಗೊಂಡು ಹೋದ್ರೆ ಚೆನ್ನಾಗಿರುತ್ತಾ? ನಾಳೆ ನಮ್ಮ ಮಂಜ ನೀರಿಗೆ ಬೀಳ್ತಾನೆ, ನಾನು ಎಳ್ಕೊಂಡ್ ಬರ್ತೀನಿ. ಅವರಿಗೆ ಮಾತ್ರ ಹೇಳ್ಬೇಡಿ.”

ಮಂಜಣ್ಣ ಅವರ ಪಕ್ಕದ ಮನೆಯ ಆಟೊ ಚಾಲಕ, ಒಳ್ಳೆಯ ಈಜುಗಾರ. ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು ಎಂಬ ಅಭ್ಯಾಸ ನನ್ನದೂ ಹೌದು. ಆಯ್ತು ಎಂದುಬಿಟ್ಟೆ.

ಮರುದಿನ ಬೆಳಗ್ಗೆ ಮಂಜಣ್ಣ ಕೈಕಾಲು ತೊಳೆಯುವವನಂತೆ ಇಳಿದು, “ಅಯ್ಯೋ, ಕಾಪಾಡ್ರಪ್ಪೋ” ಎಂದು ಕೂಗುತ್ತಾ ನೀರಿಗೆ ಬಿದ್ದ. ಒಲೇನಾ ಕ್ಯಾಮೆರಾ ಅತ್ತ ತಿರುಗಿಸಿದರು. ಸೆಲ್ವರಾಜಣ್ಣ ಅದಕ್ಕೆ ಸರಿಯಾಗಿ ಕಾಣುವಂತೆ ನಿಧಾನವಾಗಿ ಹಗ್ಗ ಬಿಚ್ಚತೊಡಗಿದರು. ಮಂಜಣ್ಣ ಸಿಮೆಂಟಿನ ಇಳಿಜಾರು ಹತ್ತಲು ಹೋಗಿ ಪಾಚಿಗೆ ಜಾರಿದ. ತಲೆಗೆ ಪೆಟ್ಟು ಬಿದ್ದದ್ದು ನಮಗೆ ಆಮೇಲೆ ತಿಳಿದದ್ದು. ಕೂಗು ನಿಂತಿತು. ತಲೆ ಒಮ್ಮೆ ಮೇಲೆ ಬಂತು, ಮತ್ತೆ ಒಳಗೆ ಹೋಯಿತು. ‘ಪರವಾಗಿಲ್ಲ, ಚೆನ್ನಾಗಿ ಆಕ್ಟಿಂಗ್ ಮಾಡ್ತಾನೆ’ ಎಂದು ನಾನು ಮನಸ್ಸಿನಲ್ಲೇ ಮೆಚ್ಚಿಕೊಂಡೆ.

ಒಲೇನಾ ಕ್ಯಾಮೆರಾವನ್ನು ಮಣ್ಣಿನ ಮೇಲೆ ಹಾಕಿ ಓಡಿದರು. “ಅವನು ಕೂಗುತ್ತಿಲ್ಲ, ನೋಡಿ, ಕೂಗುತ್ತಿಲ್ಲ” ಎಂದು ಇಂಗ್ಲಿಷಿನಲ್ಲಿ ಕಿರುಚಿದರು. ಅದನ್ನು ಕನ್ನಡದಲ್ಲಿ ಹೇಳಬೇಕಾದ ನನಗೆ ನಾಲಿಗೆಯೇ ಏಳಲಿಲ್ಲ. ಅವರ ಮುಖ ನೋಡಿಯೇ ಸೆಲ್ವರಾಜಣ್ಣನಿಗೆ ಅರ್ಥವಾಗಿ, ಹಗ್ಗದ ಒಂದು ತುದಿಯನ್ನು ಅವರತ್ತ ಎಸೆದು ನೀರಿಗೆ ಹಾರಿದರು. ಒಲೇನಾ, ನಾನು, ಬಟ್ಟೆ ಒಗೆಯುತ್ತಿದ್ದ ಇಬ್ಬರು ಹೆಂಗಸರು ಹಗ್ಗ ಹಿಡಿದು ಎಳೆದೆವು. ಅಂಗೈ ಸುಲಿದುಹೋಯಿತು. ದಡದಲ್ಲಿ ಮಲಗಿಸಿದಾಗ ಮಂಜಣ್ಣನ ತುಟಿ ನೀಲಿಯಾಗಿತ್ತು. “ಏ ಮಂಜಾ, ಕಣ್ಣು ಬಿಡೋ ಮಾರಾಯ” ಎಂದು ಸೆಲ್ವರಾಜಣ್ಣ ಅಳುತ್ತಲೇ ಎದೆ ಒತ್ತಿದರು. ಕೊನೆಗೂ ಅವನು ನೀರು ಕಾರಿಕೊಂಡು ಕೆಮ್ಮಿದ.

ಆಸ್ಪತ್ರೆಯಲ್ಲಿ ಅವನ ತಲೆಗೆ ಹೊಲಿಗೆ ಹಾಕುತ್ತಿದ್ದಾಗ, ಹೊರಗಿನ ಬೆಂಚಿನಲ್ಲಿ ಕೂತು ಒಲೇನಾಗೆ ನಿಜ ಹೇಳಿದೆ. ಅವರು ಸುಲಿದ ತಮ್ಮ ಅಂಗೈ ನೋಡಿಕೊಂಡರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಆಮೇಲೆ, “ನಮ್ಮೂರಲ್ಲಿ ಬೆಳಗ್ಗೆ ಕ್ಯಾಮೆರಾ ಎತ್ತಿಕೊಳ್ಳುವಾಗ, ಇವತ್ತು ಯಾರನ್ನೂ ಉಳಿಸುವ ಪರಿಸ್ಥಿತಿ ಬಾರದಿರಲಿ ಅಂತ ಬೇಡಿಕೊಳ್ಳುತ್ತೇನೆ. ನಿಮ್ಮೂರಲ್ಲಿ ನನಗೆ ಅಂಥ ಎರಡು ದಿನ ಸಿಕ್ಕಿದ್ದವು” ಎಂದರು. ಮಂಜಣ್ಣ ಬಿದ್ದ ದೃಶ್ಯವನ್ನು ನನ್ನೆದುರೇ ಅಳಿಸಿಹಾಕಿದರು.

ಮಂಜಣ್ಣ ಈಗ ಆರಾಮಾಗಿ ಆಟೊ ಓಡಿಸುತ್ತಾನೆ. ಅವನ ಹೆಂಡತಿಗೆ ನಾಟಕದ ವಿಷಯ ಗೊತ್ತಿಲ್ಲ, ಕಾಲು ಜಾರಿತು ಎಂದಷ್ಟೇ ನಾವೆಲ್ಲ ಹೇಳಿದ್ದೇವೆ. ಭದ್ರಾವತಿ ಬಸ್ ನಿಲ್ದಾಣದ ಬಳಿ ಹೂವು ಮಾರುವ ಆಕೆ ನನ್ನನ್ನು ಕಂಡಾಗಲೆಲ್ಲ ಒಂದು ಮೊಳ ಮಲ್ಲಿಗೆ ಕೈಗಿಡುತ್ತಾಳೆ. “ಅವತ್ತು ನೀವು ಹಗ್ಗ ಹಿಡೀದೇ ಇದ್ದಿದ್ರೆ ನನ್ನ ಗತಿ ಏನಾಗ್ತಿತ್ತು ಮೇಡಂ” ಎನ್ನುತ್ತಾಳೆ. ನಾನು ಹೂವು ತೆಗೆದುಕೊಂಡು ಬರುತ್ತೇನೆ. ಇದುವರೆಗೂ ಒಂದು ಸಲವೂ ಮುಡಿದುಕೊಂಡಿಲ್ಲ.