ವಾಗೆನಿಂಗನ್‌ನಲ್ಲಿ ನನ್ನ ಮೈಮೇಲೆ ಬಂದ ದೇವಿ

ತಪ್ಪು ನನ್ನದೇ. ಭಾನುವಾರ ಮಟಮಟ ಮಧ್ಯಾಹ್ನ, ಕೈಯಲ್ಲಿ ಮೆಣಸಿನಕಾಯಿ ಬಜ್ಜಿ ಹಿಡಿದುಕೊಂಡೇ ನಾನು ದೇವಿಯಾದೆ.

ಕಾರಣ ಒಂದು ಸಿನಿಮಾ. ವಾಗೆನಿಂಗನ್ ಎಂಬ ಈ ಡಚ್ ಊರಿನ ನಮ್ಮ ಲ್ಯಾಬಿನ ಫಿಲಿಪಿನೋ ಗೆಳತಿ ತನ್ನ ದೇಶದ ಹಳೆಯ ದೆವ್ವದ ಚಿತ್ರವೊಂದನ್ನು ತಂದಿದ್ದಳು. ದೊಡ್ಡ ಟಿವಿ ಇದ್ದದ್ದು ಇದೇ ಊರಲ್ಲಿ ನೆಲೆಸಿದ್ದ, ನಾವೆಲ್ಲ ಅಕ್ಕ ಎನ್ನುತ್ತಿದ್ದ ಧಾರವಾಡದಾಕೆಯ ಮನೆಯಲ್ಲಿ, ಅಲ್ಲೇ ಸೇರಿದೆವು. ಅಕ್ಕನಿಗೆ ಎಂಟು ತಿಂಗಳು. ಬಾಣಂತನಕ್ಕೆಂದು ಅವಳ ಅವ್ವ ಊರಿಂದ ಬಂದಿದ್ದರು.

ಚಿತ್ರದಲ್ಲಿ ಹೆಂಗಸೊಬ್ಬಳ ಮೈಮೇಲೆ ಏನೋ ಬರುತ್ತದೆ. ಪಾದ್ರಿ ಶಿಲುಬೆ ತರುತ್ತಾನೆ, ಮಂತ್ರವಾದಿ ಎಣ್ಣೆ ತರುತ್ತಾನೆ, ಇಬ್ಬರೂ ಮೊದಲು ಒಬ್ಬರನ್ನೊಬ್ಬರು ಓಡಿಸಲು ನೋಡುತ್ತಾರೆ. ದೆವ್ವ ಪಾಪ, ತನ್ನ ಸರದಿಗೆ ಕಾಯುತ್ತದೆ.

"ಭಾಷಾ ತಿಳೀಲಿಲ್ಲ ಖರೆ, ಕತಿ ನಮ್ಮೂರಂದ ಐತಿ," ಅಂದರು ಅವ್ವ.

ಚಿತ್ರ ಮುಗಿದದ್ದೇ ತಡ, ನನ್ನ ಗಂಟಲು ತುರಿಸತೊಡಗಿತು. ಪ್ರೊಫೆಸರರ ಕೆಮ್ಮು, ನಮ್ಮಪ್ಪನ ಗೊರಕೆ, ಯಾವುದನ್ನೂ ಅನುಕರಿಸದೆ ಬಿಟ್ಟವನಲ್ಲ ನಾನು. ಸ್ವಂತ ದನಿ ಯಾವುದೆಂದು ನನಗೇ ಮರೆತಿದೆ. ಕೂದಲು ಕೆದರಿ, ಕಣ್ಣು ಮೇಲೆ ಮಾಡಿ ಹೂಂಕರಿಸಿದೆ. ಗೆಳತಿ ಬಿದ್ದು ಬಿದ್ದು ನಕ್ಕಳು. ಅವ್ವ ಕುಂಕುಮ ತಂದು ನನ್ನ ಹಣೆಗೆ ಹಚ್ಚಿ, ಸೆರಗೊಡ್ಡಿ ನಿಂತರು.

"ತಾಯಿ, ಮನ್ಯಾಗೇ ಹಡೀಬಹುದು ಅಂತಾಳ ಈ ದೇಶದ ಸೂಲಗಿತ್ತಿ. ಮಗಳೂ ಅದನ್ನೇ ಹಿಡದು ಕೂತಾಳ. ಮನ್ಯಾಗೋ, ದವಾಖಾನ್ಯಾಗೋ? ನೀನೇ ಹೇಳು."

ಅಲ್ಲಿಗೆ ನಿಲ್ಲಿಸಬೇಕಿತ್ತು. ಕಲಾವಿದ ನೋಡಿ! "ಮನ್ಯಾಗೇ!" ಎಂದು ಗುಡುಗಿದೆ. ಧಾರವಾಡದ ಭಾಷೆ ಸರಿಯಾಗಿ ಬಂತೆಂಬ ಹೆಮ್ಮೆ ಬೇರೆ. ಅವ್ವ ಕೈಮುಗಿದು ಅಡುಗೆಮನೆಗೆ ಹೋದರು.

"ಛಲೋ ಹೇಳಿದಿ ನೋಡು," ಅಕ್ಕ ಪಿಸುಗುಟ್ಟಿದಳು. "ಅವ್ವನ ಮೊದಲ್ನೇ ಕೂಸು ಮನ್ಯಾಗ ಹಡದಾಗ ಉಳೀಲಿಲ್ಲ. ಅದಕ್ಕೇ ಹೆದರ್ತಾಳ."

ಉಳಿದ ಬಜ್ಜಿಯನ್ನು ಅಲ್ಲೇ ತಟ್ಟೆಗೆ ಹಾಕಿದೆ. ನೇರ ಅಡುಗೆಮನೆಗೆ ಓಡಿದೆ.

"ಅಮ್ಮಾ, ತಪ್ಪಾಯ್ತು. ನನ್ನ ಮೈಮೇಲೆ ಯಾರೂ ಬಂದಿರ್ಲಿಲ್ಲ, ಬರೀ ಆಕ್ಟಿಂಗು. ದಯವಿಟ್ಟು ಅಕ್ಕನ್ನ ಆಸ್ಪತ್ರೆಗೇ ಕರ್ಕೊಂಡ್ ಹೋಗಿ."  ಆ ದನಿಯೊಂದು ಮಾತ್ರ ಯಾರ ಅನುಕರಣೆಯೂ ಅಲ್ಲ.

ಹಿಂದೆಯೇ ಬಂದಿದ್ದ ಅಕ್ಕ ನನ್ನ ಮುಖ ನೋಡಿದಳು, ಅವ್ವನ ಮುಖ ನೋಡಿದಳು. "ಇಂವ ಅಳೂದೊಂದು ಬಾಕಿ ಐತಿ. ಆತು ಬಿಡವ್ವಾ, ದವಾಖಾನಿಗೇ ಹೋಗೂಣು."

"ಅಮ್ಮಾ, ನೀವು ನಿಜವಾಗ್ಲೂ ದೇವಿ ಅಂತ ನಂಬಿದ್ರಾ?"

ಅವ್ವ ಬಾಣಲೆಯಿಂದ ತಲೆ ಎತ್ತಲಿಲ್ಲ.

"ಬಜ್ಜಿ ಹಿಡಕೊಂಡು ಬರೂ ದೇವಿ ಎಲ್ಲಿದ್ದಾಳೋ, ತಮ್ಮಾ? ಮಗಳು ನನ್ನ ಮಾತು ಕೇಳಂಗಿಲ್ಲ, ನಿನ್ನ ಬಾಯಿಲೇ ದವಾಖಾನಿ ಅನಸಬೇಕಿತ್ತು. ಅನಸಿದೆ."