ಮೇಬಲ್ ಟಿಡ್ಮನ್ ಹೊಲಿದ ಗೊರಿಲ್ಲಾ

ಲಂಡನ್ನಿನ ಪಶ್ಚಿಮಕ್ಕೆ, ಬಕಿಂಗ್‌ಹ್ಯಾಮ್‌ಶೈರಿನ ಹೊಲಗಳ ನಡುವೆ ಇದ್ದ ಒಂದು ಸಿನಿಮಾ ಸ್ಟುಡಿಯೊದಲ್ಲಿ ಮೇಬಲ್ ಟಿಡ್ಮನ್ ಹತ್ತೊಂಬತ್ತು ವರ್ಷ ವಸ್ತ್ರ ವಿಭಾಗದ ಸಹಾಯಕಿಯಾಗಿಯೇ ಇದ್ದಳು. ಮುಖ್ಯಸ್ಥೆಯ ಕುರ್ಚಿ ಅಷ್ಟರಲ್ಲಿ ಮೂರು ಸಲ ಖಾಲಿಯಾಯಿತು. ಮೂರು ಸಲವೂ ಲಂಡನ್ನಿನಿಂದ ಯಾರನ್ನೋ ಕರೆತಂದು ಕೂರಿಸಿದರು. ಗುಂಡಿಯ ಡಬ್ಬ ಎಲ್ಲಿದೆ, ಯಾವ ನಟನಿಗೆ ಹೊಟ್ಟೆ ಬಿಗಿಯುವ ಪಟ್ಟಿ ಬೇಕು, ಯಾವ ನಟಿಯ ಸೊಂಟದ ಅಳತೆಯನ್ನು ಗಟ್ಟಿಯಾಗಿ ಓದಬಾರದು ಎಂದು ಬಂದವರಿಗೆಲ್ಲ ಹೇಳಿಕೊಟ್ಟವಳು ಮೇಬಲ್.

ಆಕೆ ಸ್ಲೌ ಪಟ್ಟಣದ ಬ್ರಷ್ ಕಾರ್ಖಾನೆಯ ಕೆಲಸಗಾರನೊಬ್ಬನ ಮಗಳು. ಹದಿನಾಲ್ಕಕ್ಕೆ ಶಾಲೆ ಬಿಟ್ಟು ಹೊಲಿಗೆಗೆ ಕೂತಳು. ಯುದ್ಧಕಾಲದಲ್ಲಿ ಪ್ಯಾರಾಚೂಟ್ ಹೊಲಿದಳು. ಗಂಡ ಆರ್ಥರ್ ಬಸ್ ಓಡಿಸುತ್ತಿದ್ದ. ಐವತ್ತೆಂಟನೆಯ ಇಸವಿಯಲ್ಲಿ ತೀರಿಕೊಂಡ. ಗುರುವಾರ ಅವನನ್ನು ಮಣ್ಣು ಮಾಡಿ, ಶುಕ್ರವಾರ ಎಂಟು ಗಂಟೆಗೆ ಕೆಲಸಕ್ಕೆ ಬಂದಳು. ಕಲ್ಲುಮನಸ್ಸು ಎಂದು ಕೆಲವರು ಆಡಿಕೊಂಡರು. ಅಂದು ಹದಿನೆಂಟು ಸಿಪಾಯಿಗಳ ಕೋಟುಗಳಿಗೆ ತೋಳು ಕೂರಿಸುವುದಿತ್ತು. ಆಡಿಕೊಂಡವರಲ್ಲಿ ಯಾರಿಗೂ ತೋಳು ಕೂರಿಸಲು ಬರುತ್ತಿರಲಿಲ್ಲ.

ಅರವತ್ತೊಂಬತ್ತರ ಶರತ್ಕಾಲದಲ್ಲಿ ನಾಲ್ಕನೆಯ ಸಲ ಕುರ್ಚಿ ಖಾಲಿಯಾಗುವ ಸುದ್ದಿ ಬಂತು. ಆಗಿನ ಮುಖ್ಯಸ್ಥೆ ಕ್ರಿಸ್‌ಮಸ್ಸಿಗೆ ನಿವೃತ್ತಿಯಾಗುವವಳಿದ್ದಳು. ಅದೇ ಹೊತ್ತಿಗೆ ಸ್ಟುಡಿಯೊದಲ್ಲಿ ಕಾಡಿನ ಸಾಹಸಕಥೆಗಳನ್ನು ಗೇಲಿ ಮಾಡುವ ಒಂದು ಹಾಸ್ಯಚಿತ್ರ ಶುರುವಾಯಿತು. ಖಾಕಿ ಚಡ್ಡಿಯ ಇಂಗ್ಲಿಷ್ ಮಹನೀಯರು ಕಾಣೆಯಾದ ಬಿಷಪ್ ಒಬ್ಬನನ್ನು ಹುಡುಕಿಕೊಂಡು ಆಫ್ರಿಕದ ಕಾಡಿಗೆ ಹೋಗುತ್ತಾರೆ, ತಾವು ಕಾಡನ್ನು ಗೆದ್ದೆವೆಂದುಕೊಳ್ಳುತ್ತಾರೆ, ಕಾಡು ಅವರ ಚಡ್ಡಿಯನ್ನೂ ಬಿಡುವುದಿಲ್ಲ. ಆಫ್ರಿಕ ಇದ್ದದ್ದು ಎರಡನೆಯ ಶೆಡ್ಡಿನಲ್ಲಿ. ಬಳ್ಳಿಗಳು ರಬ್ಬರಿನವು, ಬಂಡೆಗಳು ಪ್ಲಾಸ್ಟರಿನವು. ಹೊರಗೆ ನೀರು ಹೆಪ್ಪುಗಟ್ಟುವ ಚಳಿ. ಒಳಗೆ ದೀಪಗಳ ಕೆಳಗೆ ನಟರು ನಿಜವಾಗಿಯೇ ಬೆವರುತ್ತಿದ್ದರು. ಯಾವ ದೃಶ್ಯದಲ್ಲಿ ಯಾರ ಕೈಯಲ್ಲಿ ಏನಿತ್ತು ಎಂದು ಬರೆದಿಡುವ ಕೆಲಸ ನನ್ನದಾಗಿತ್ತು. ಆದ್ದರಿಂದ ಇದೆಲ್ಲ ನಾನು ಕಂಡದ್ದೇ.

ಚಿತ್ರಕ್ಕೊಂದು ಗೊರಿಲ್ಲಾ ಬೇಕಿತ್ತು. ಲಂಡನ್ನಿನ ಬಾಡಿಗೆ ಅಂಗಡಿಯಿಂದ ತರಿಸುವುದು ವಾಡಿಕೆ. ಆ ಉಡುಪಿನೊಳಗೆ ಹೊಕ್ಕವನು ಹತ್ತು ನಿಮಿಷದಲ್ಲಿ ಮೂರ್ಛೆ ಬೀಳುವುದೂ ವಾಡಿಕೆಯೇ. ಮೇಬಲ್ ನಿರ್ಮಾಪಕ ಪ್ರೆಂಡರ್‌ಗಾಸ್ಟ್ ಅವರ ಕೋಣೆಗೆ ಹೋಗಿ, ಕೂರದೆ, ನಿಂತೇ ಮಾತಾಡಿದಳು.

"ಮಿಸ್ಟರ್ ಪ್ರೆಂಡರ್‌ಗಾಸ್ಟ್, ಒಳಗಿರೋ ಮನುಷ್ಯ ಅರ್ಧ ಗಂಟೆ ಉಸಿರಾಡೋಂಥ ಗೊರಿಲ್ಲಾನ ನಾನು ಹೊಲಿದುಕೊಡ್ತೀನಿ. ಮೂರು ವಾರ ಕೊಡಿ."

"ಅದರಿಂದ ನಿಮಗೇನು ಸಿಗುತ್ತೆ, ಮಿಸೆಸ್ ಟಿಡ್ಮನ್?"

"ಕ್ರಿಸ್‌ಮಸ್ ಆದಮೇಲೆ ವಸ್ತ್ರ ವಿಭಾಗ."

ಪ್ರೆಂಡರ್‌ಗಾಸ್ಟ್ ನಕ್ಕರು. ಅವರು ಕೆಟ್ಟ ಮನುಷ್ಯರಲ್ಲ. ಕಡಿಮೆಯಲ್ಲಿ ಮುಗಿಸಬೇಕೆಂಬ ಚಟ, ಅಷ್ಟೇ. "ಸರಿ. ನಿಮ್ಮ ಗೊರಿಲ್ಲಾ ಪರದೆ ಮೇಲೆ ಬಂದ್ರೆ ವಿಭಾಗ ನಿಮ್ಮದು. ಬರಲಿಲ್ಲ ಅಂದ್ರೆ ಈ ಮಾತು ಇನ್ನೊಂದು ಸಲ ನನ್ನ ಹತ್ರ ಎತ್ತಬಾರದು."

"ಎತ್ತಲ್ಲ."

ಮೂರು ಭಾನುವಾರ ಆಕೆ ರೀಜೆಂಟ್ಸ್ ಪಾರ್ಕಿನ ಮೃಗಾಲಯಕ್ಕೆ ಹೋಗಿ, ಗೊರಿಲ್ಲಾದ ಪಂಜರದ ಮುಂದೆ ಮಡಿಸುವ ಕುರ್ಚಿ ಹಾಕಿ ಕೂತಳು. ಭುಜ ಎಲ್ಲಿ ಮಡಚುತ್ತದೆ, ಕೂತಾಗ ಹೊಟ್ಟೆ ಎತ್ತ ಹೋಗುತ್ತದೆ ಎಂದು ಕಾಗದದ ಮೇಲೆ ಗೀಚಿದಳು. "ಸಂಬಂಧಿಕರಾ?" ಎಂದು ಕಾವಲುಗಾರ ಕೇಳಿದನಂತೆ. "ಗಂಡನ ಕಡೆಯವರು" ಎಂದಳಂತೆ.

ಬಲೆಯಂತೆ ಹೆಣೆದ ಬನಿಯನ್ನುಗಳನ್ನು ಜೋಡಿಸಿ ಅವುಗಳ ಕಣ್ಣುಕಣ್ಣಿಗೂ ಚಮರೀಮೃಗದ ಕೂದಲನ್ನು ಗಂಟು ಹಾಕಿದಳು. ಕೂದಲು ನೋಟಕ್ಕೆ ದಟ್ಟ, ಒಳಗೆ ಗಾಳಿಯಾಡುತ್ತಿತ್ತು. ಬೆನ್ನಹುರಿಯ ಮೇಲೆ ಒಂದು ಚೀಲ ಹೊಲಿದು, ಚಳಿಗಾಲದಲ್ಲಿ ಎಲ್ಲರೂ ಹಾಸಿಗೆಯಲ್ಲಿ ಇಟ್ಟುಕೊಳ್ಳುವ ಬಿಸಿನೀರಿನ ರಬ್ಬರ್ ಚೀಲವನ್ನು ಅದರೊಳಗೆ ಇಳಿಬಿಟ್ಟಳು, ಬಿಸಿನೀರಿನ ಬದಲು ಕ್ಯಾಂಟೀನಿನ ಮಂಜುಗಡ್ಡೆ ತುಂಬಿ. ಗೊರಿಲ್ಲಾ ಆಗಬೇಕಿದ್ದವನು ವಿಲ್ಫ್ ಡೇಸಿ, ಸರ್ಕಸ್ಸಿನಲ್ಲಿ ಲಾಗ ಹಾಕುತ್ತಿದ್ದ ಗಿಡ್ಡ ಮನುಷ್ಯ. ಅಳತೆಗೆಂದು ಅವನು ಬಂದದ್ದು ಒಂದೇ ಸಲ. ಅವನ ಎತ್ತರವೇ ತನ್ನದೂ ಎಂದು ಕಂಡುಕೊಂಡ ಮೇಬಲ್, ಉಡುಪನ್ನು ತನ್ನ ಮೈಮೇಲೆಯೇ ಹಾಕಿಕೊಂಡು ಸರಿಮಾಡುತ್ತ ಹೋದಳು. ಗೊರಿಲ್ಲಾದ ಕಾಲು ತೊಟ್ಟು ಹೊಲಿಗೆ ಯಂತ್ರ ತುಳಿಯುತ್ತಿದ್ದುದನ್ನು ನಾನೇ ನೋಡಿದ್ದೇನೆ.

ತಲೆ ಮುಗಿದ ದಿನ ಸ್ಟಾನ್ ಫ್ಲಡ್ ಬಂದ. ಸೆಟ್ಟಿನ ಕುರ್ಚಿ, ಕೋವಿ, ಕಪ್ಪು ಬಸಿ ಎಲ್ಲವನ್ನೂ ನೋಡಿಕೊಳ್ಳುವ ಪ್ರಾಪ್ಸ್ ವಿಭಾಗಕ್ಕೆ ಅವನು ಹಿರಿಯ; ಕೆಲಸಗಾರರ ಸಂಘಕ್ಕೆ ಮುಖಂಡನೂ ಹೌದು. ಆ ಸ್ಟುಡಿಯೊದಲ್ಲಿ ಒಬ್ಬರ ಕೆಲಸವನ್ನು ಇನ್ನೊಬ್ಬರು ಮುಟ್ಟುವಂತಿರಲಿಲ್ಲ. ಬಿದ್ದ ಟೋಪಿಯನ್ನು ಎತ್ತಿಕೊಟ್ಟ ಬಡಗಿಯೊಬ್ಬನ ಮೇಲೆ ಅರ್ಧ ದಿನ ಸಭೆ ನಡೆದದ್ದುಂಟು.

"ದವಡೆ ಆಡುತ್ತಲ್ಲ, ಚಿನ್ನ" ಎಂದ ಸ್ಟಾನ್, ತಲೆಯನ್ನು ತಿರುಗಿಸಿ ನೋಡುತ್ತ. "ಒಳಗೆ ಸ್ಪ್ರಿಂಗ್ ಇದೆ. ಸ್ಪ್ರಿಂಗ್ ಇರೋದೆಲ್ಲ ಪ್ರಾಪ್ಸು."

"ನಿನ್ನ ಹಾಸಿಗೇಲೂ ಸ್ಪ್ರಿಂಗ್ ಇದೆ, ಸ್ಟಾನ್. ನಿನ್ನ ಹೆಂಡ್ತೀನೂ ಪ್ರಾಪ್ಸಾ?"

"ಅವಳ ಸುದ್ದಿ ಬೇಡ. ತಲೆ ನಮ್ದು."

"ಕೂದಲು ಕಟ್ಟಿದವಳು ನಾನು. ಮೈಯೂ ತಲೆಯೂ ಒಂದೇ ಪ್ರಾಣಿ ಕಣಯ್ಯಾ."

ವಾದ ಮೂರು ದಿನ ನಡೆಯಿತು. ಕೊನೆಗೆ ಕಾಗದದ ಮೇಲೆ ಒಪ್ಪಂದವಾಯಿತು. ಕುತ್ತಿಗೆಯ ಕೊಕ್ಕೆ ಬೀಳುವ ತನಕ ತಲೆ ಪ್ರಾಪ್ಸಿನದು, ಬಿದ್ದ ಕ್ಷಣದಿಂದ ವಸ್ತ್ರ ವಿಭಾಗದ್ದು. ತಲೆಯನ್ನು ಹೊತ್ತು ತರುವುದು ಸ್ಟಾನ್, ಕೊಕ್ಕೆ ಹಾಕುವುದು ಮೇಬಲ್, ಬೇರಾರೂ ಅಲ್ಲ. ಇಬ್ಬರೂ ಸಹಿ ಮಾಡಿದರು. ಪ್ರಪಂಚದ ಅನೇಕ ಗಡಿ ಒಪ್ಪಂದಗಳು ಇಷ್ಟು ಸ್ಪಷ್ಟವಾಗಿಲ್ಲ.

ಗೊರಿಲ್ಲಾದ ದೃಶ್ಯ ಇದ್ದದ್ದು ಒಂದೇ, ಅದೂ ಚಿತ್ರೀಕರಣದ ಕಡೆಯ ಶುಕ್ರವಾರ. ಸೋಮವಾರ ಕಾಡನ್ನು ಕಿತ್ತು ಮುಂದಿನ ಚಿತ್ರಕ್ಕೆ ಆಸ್ಪತ್ರೆ ಕಟ್ಟುವುದಿತ್ತು. ಗುಡಾರದ ಮುಂದೆ ಕರ್ನಲ್ ಚಹಾ ಮೇಜಿಗೆ ಕೂತು, ತಾನು ಬೇಟೆಯಾಡಿದ ಗೊರಿಲ್ಲಾಗಳ ಬಗ್ಗೆ ಜಂಬ ಕೊಚ್ಚುತ್ತಿರುತ್ತಾನೆ. ಪಕ್ಕದ ಕುರ್ಚಿಯ ಮಹಿಳೆ ಹೆದರಿ ಓಡಿಹೋಗಿ, ಅವಳ ಜಾಗದಲ್ಲಿ ಗೊರಿಲ್ಲಾ ಬಂದು ಕೂತು ಚಹಾ ಬಗ್ಗಿಸುತ್ತದೆ. ಕರ್ನಲ್ಲನಿಗೆ ಗೊತ್ತೇ ಆಗುವುದಿಲ್ಲ.

ಮಧ್ಯಾಹ್ನ ಎರಡಕ್ಕೆ ವಿಲ್ಫ್ ಡೇಸಿ ರಬ್ಬರ್ ಬಳ್ಳಿಯಿಂದ ಜಾರಿ ಕಾಲು ಉಳುಕಿಸಿಕೊಂಡ. ಪಾದ ಕುಂಬಳಕಾಯಿಯಷ್ಟಾಯಿತು. ನಿರ್ದೇಶಕ ಆಸ್ಕ್ಯೂ ತಲೆಯ ಮೇಲೆ ಕೈಯಿಟ್ಟು ಪ್ಲಾಸ್ಟರ್ ಬಂಡೆಯ ಮೇಲೆ ಕೂತರು. ಪ್ರೆಂಡರ್‌ಗಾಸ್ಟ್ ಮಾತ್ರ ಗಾಬರಿಯಾಗಲಿಲ್ಲ.

"ಗೇಟ್ ಹತ್ರ ವ್ಯಾನ್‌ನಲ್ಲಿ ಬಾಡಿಗೆ ಗೊರಿಲ್ಲಾ ಇದೆ. ಅದರ ಜೊತೆ ಆರಡಿ ಆಳೂ ಇದಾನೆ. ಯಾವುದಕ್ಕೂ ಇರ್ಲಿ ಅಂತ ತರಿಸಿಟ್ಟಿದ್ದೆ."

ಮೇಬಲ್ ಸೂಜಿಪಟ್ಟಿಯನ್ನು ಮಣಿಕಟ್ಟಿನಿಂದ ಬಿಚ್ಚಿ ನನ್ನ ಕೈಗೆ ಕೊಟ್ಟಳು. "ನಾನು ಒಳಗೆ ಹೋಗ್ತೀನಿ."

"ನೀವಾ? ನಿಮಗೆಷ್ಟು ವಯಸ್ಸು?"

"ಐವತ್ಮೂರು. ಗೊರಿಲ್ಲಾಗೆಷ್ಟು ಅಂತ ಚಿತ್ರಕಥೇಲಿ ಬರೆದಿಲ್ಲ."

ನಟರ ಸಂಘದ ಚೀಟಿಯಿಲ್ಲದವರು ಕ್ಯಾಮೆರಾ ಮುಂದೆ ಬರುವಂತಿಲ್ಲ. ಎಲ್ಲರೂ ಸ್ಟಾನ್ ಕಡೆ ನೋಡಿದರು. ಸ್ಟಾನ್ ಮಾತಾಡುವ ಮೊದಲೇ, ಬಕೆಟ್ಟಿನಲ್ಲಿ ಕಾಲಿಟ್ಟು ಕೂತಿದ್ದ ವಿಲ್ಫ್ ಕೂಗಿದ: "ಗೊರಿಲ್ಲಾ ನಾನೇ! ಕೆಲಸದ ಮೇಲೇ ಇದೀನಿ! ಅವರು ನನ್ನ ಬದಲು ಸ್ವಲ್ಪ ಹೊತ್ತು ನಡೆದಾಡ್ತಾರೆ ಅಷ್ಟೇ. ನನ್ನ ಅಭ್ಯಂತರ ಇಲ್ಲ, ಇನ್ನ್ಯಾರದ್ದಾದ್ರೂ ಇದ್ರೆ ಈಗ್ಲೇ ಹೇಳಿ, ಬಕೆಟ್ ಎಸೀತೀನಿ!"

ಸ್ಟಾನ್ ಬಕೆಟ್ಟನ್ನೊಮ್ಮೆ ನೋಡಿ ಹೂಂಗುಟ್ಟಿದ. "ಒಂದೇ ಗಂಟೆ" ಎಂದರು ಪ್ರೆಂಡರ್‌ಗಾಸ್ಟ್. "ಚಹಾ ಬಿಡುವಾದ ಮೇಲೆ ಶುರು. ಇವತ್ತಿನ ಕೆಲಸ ಮುಗಿಯೋದರೊಳಗೆ ಸಿಗಬೇಕು. ಇಲ್ಲಾಂದ್ರೆ ವ್ಯಾನಿನದ್ದನ್ನ ನಾಳೆ ನನ್ನ ತೋಟದಲ್ಲೇ ನಿಲ್ಲಿಸಿ ತೆಗೀತೀನಿ."

ಮೈ ತೊಟ್ಟಾಯಿತು. ಸ್ಟಾನ್ ತಲೆಯನ್ನು ಎರಡು ಕೈಯಲ್ಲಿ ಹೊತ್ತು ತಂದು ಮೇಬಲ್ಲಳ ತಲೆಯ ಮೇಲಿಟ್ಟ. ಅಲ್ಲಿಗೆ ಕೆಲಸ ನಿಂತುಹೋಯಿತು. ಕೊಕ್ಕೆ ಕುತ್ತಿಗೆಯ ಹಿಂದೆ. ಕೊಕ್ಕೆ ಹಾಕಲು ಹಕ್ಕಿದ್ದವಳು ಒಬ್ಬಳೇ, ಅವಳು ಗೊರಿಲ್ಲಾದ ಒಳಗೆ. ಎರಡೂ ತೋಳುಗಳನ್ನು ಹಿಂದಕ್ಕೆ ತಿರುಗಿಸಿ ನೋಡಿದಳು. ಗೊರಿಲ್ಲಾದ ಬೆರಳು ಕೊಕ್ಕೆಯಷ್ಟು ಸಣ್ಣದನ್ನು ಹಿಡಿಯುವಂಥದಲ್ಲ.

"ನಾನು ಹಾಕ್ಲಾ?" ಎಂದು ಆಸ್ಕ್ಯೂ ಮುಂದೆ ಬಂದರು.

"ನೀವು ಮುಟ್ಟಿದ್ರೆ ಎಲ್ಲರೂ ಮನೆಗೆ ಹೋಗ್ತೀವಿ, ಯಜಮಾನ್ರೆ" ಎಂದ ಸ್ಟಾನ್.

ತಲೆಯೊಳಗಿಂದ ಮಂಕಾದ ದನಿ ಬಂತು: "ಸ್ಟಾನ್, ಮಂಜುಗಡ್ಡೆ ಕರಗ್ತಾ ಇದೆ."

ಸ್ಟಾನ್ ಜೇಬಿನಿಂದ ಒಪ್ಪಂದದ ಕಾಗದ ತೆಗೆದು ಓದಿದ. ಮತ್ತೆ ಓದಿದ. ಕನ್ನಡಕ ಸರಿಮಾಡಿಕೊಂಡ. "ಕೊಕ್ಕೆ ಬೀಳೋ ತನಕ ತಲೆ ನಮ್ದು" ಎಂದ, ನಿಧಾನಕ್ಕೆ. "ಅಂದ್ರೆ ಬೀಳ್ತಾ ಇರೋವಾಗಲೂ ನಮ್ದೇ." ಹಾಗೆಂದು, ಇಪ್ಪತ್ತೆರಡು ವರ್ಷದಲ್ಲಿ ಒಂದು ಗುಂಡಿಯನ್ನೂ ಮುಟ್ಟದ ಆ ಮನುಷ್ಯ ನಾಲಗೆ ಕಚ್ಚಿಕೊಂಡು ಮೂರು ಕೊಕ್ಕೆಗಳನ್ನೂ ಹಾಕಿದ. ಆ ವಾಕ್ಯಕ್ಕೆ ಆ ಅರ್ಥವಿರಲಿಲ್ಲವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಮೊದಲನೆಯ ಟೇಕಿನಲ್ಲಿ ಕರ್ನಲ್ ಪಾತ್ರದವನಿಗೇ ನಗು ಬಂತು. ಎರಡನೆಯದರಲ್ಲಿ ಕೇಟ್ಲಿಯ ಮುಚ್ಚಳ ಬಿತ್ತು. ಮೂರನೆಯದು ಮುಗಿಯುತ್ತ ಬಂದಾಗ ಕ್ಯಾಮೆರಾದಲ್ಲಿ ಫಿಲ್ಮ್ ಮುಗಿಯಿತು. ಮೇಬಲ್ ಕುರ್ಚಿಯಿಂದ ಏಳದೆ, ತಲೆ ತೆಗೆಸದೆ ಕಾದಳು. ಹೊಸ ಫಿಲ್ಮ್ ಹಾಕಿ ನೋಡಿದರೆ ಐದು ಇಪ್ಪತ್ತಾಗಲು ಮೂರೇ ನಿಮಿಷ. ಐದು ಇಪ್ಪತ್ತಕ್ಕೆ ದಿನದ ಕೆಲಸ ಮುಗಿದು ದೀಪ ಆರಲೇಬೇಕು.

ದಿನದ ಕೆಲಸ ಮುಗಿಯದಿದ್ದರೆ ಇನ್ನೊಂದು ಕಾಲು ಗಂಟೆ ಕೊಡಿ ಎಂದು ಕೆಲಸಗಾರರನ್ನು ಕೇಳುವ ಪದ್ಧತಿ ಅಲ್ಲಿತ್ತು. ಒಂದೊಂದು ವಿಭಾಗವನ್ನೂ ಕೇಳಬೇಕು. ಒಬ್ಬರು ಬೇಡವೆಂದರೂ ಇಲ್ಲ. ಆರು ವಾರದಲ್ಲಿ ಪ್ರೆಂಡರ್‌ಗಾಸ್ಟ್ ಹನ್ನೊಂದು ಸಲ ಕೇಳಿಸಿದ್ದರು, ಹನ್ನೊಂದು ಸಲವೂ ಇಲ್ಲವೆನಿಸಿಕೊಂಡಿದ್ದರು. ಮೊದಲ ವಾರದಲ್ಲೇ ಅವರು ಕೆಲಸಗಾರರಿಗೆ ಬೆಳಿಗ್ಗೆ ಕೊಡುತ್ತಿದ್ದ ಹಂದಿಮಾಂಸದ ಬನ್ನು, ಬೇಕನ್ ರೋಲ್, ನಿಲ್ಲಿಸಿದ್ದರು. ಇಂಗ್ಲಿಷ್ ಕೆಲಸಗಾರ ಸಂಬಳದ ತಕರಾರನ್ನು ಮರೆತಾನು, ಬೇಕನ್ ರೋಲನ್ನು ಮರೆಯುವುದಿಲ್ಲ.

ಅಂದು ಪ್ರೆಂಡರ್‌ಗಾಸ್ಟ್ ಕೇಳಿಸಲೇ ಇಲ್ಲ. ಕೈಗಡಿಯಾರ ನೋಡಿಕೊಂಡು ಬಾಗಿಲ ಬಳಿ ನಿಂತಿದ್ದರು. ಕೇಳಲು ಹೊರಟವನು ಸ್ಟಾನ್.

"ಕ್ಯಾಮೆರಾ?"

"ಕೊಟ್ಟೆ."

"ಧ್ವನಿ?"

"ಯಾರಿಗೋಸ್ಕರ?"

"ಕುರ್ಚಿ ಮೇಲೆ ಕೂತಿದೆಯಲ್ಲ, ಅದಕ್ಕೆ."

"ಹಾಗಾದ್ರೆ ಕೊಟ್ಟೆ."

ಬಡಗಿಗಳು ಕೊಟ್ಟರು. ಬಣ್ಣದವರು ಕೊಟ್ಟರು. ಮೇಲೆ, ದೀಪಗಳ ಅಟ್ಟಣೆಯ ಮೇಲೆ, ಎಲೆಕ್ಟ್ರಿಷಿಯನ್ನರು ಆಗಲೇ ಕೋಟು ತೊಟ್ಟಿದ್ದರು. ಅವರ ಹಿರಿಯ ಕೆಳಕ್ಕೆ ಬಗ್ಗಿದ.

"ಬೇಕನ್ ರೋಲ್ ನಿಲ್ಲಿಸಿದೋನಿಗಾ? ಒಂದ್ ನಿಮಿಷಾನೂ ಇಲ್ಲ!"

"ಅವನಿಗಲ್ಲ ಕಣೋ! ಮೇಬಲ್‌ಗೆ! ನಿನ್ನ ಮಗಳ ಮದುವೆ ಗೌನು ಹೊಲಿದೋಳು ಯಾರು?"

ಮೇಲೆ ಒಂದೊಂದಾಗಿ ಕೋಟುಗಳು ಕಟಕಟೆಯ ಮೇಲೆ ಬಿದ್ದವು. "ಅರ್ಧ ಗಂಟೆ ಬೇಕಾದ್ರೂ ತಗೊಳ್ಳೀಪ್ಪ!"

ನಾಲ್ಕನೆಯ ಟೇಕು. ಕರ್ನಲ್ ಎದೆಯುಬ್ಬಿಸಿ ಹೇಳುತ್ತಾನೆ: "ಒಂದು ಮೈಲಿ ದೂರದಲ್ಲಿ ಗೊರಿಲ್ಲಾ ಇದ್ರೂ ನನ್ನ ಮೂಗಿಗೆ ತಿಳಿಯುತ್ತೆ, ಪ್ರಿಯೆ." ಪಕ್ಕದಲ್ಲಿ ಗೊರಿಲ್ಲಾ ಬಂದು ಕೂರುತ್ತದೆ. ಚಿತ್ರಕಥೆಯಲ್ಲಿ ಇದ್ದದ್ದು ಚಹಾ ಬಗ್ಗಿಸುವುದಷ್ಟೇ. ಮೇಬಲ್ ಬಗ್ಗಿಸುವ ಮೊದಲು ಮುಂಗೈಯನ್ನು ಕೇಟ್ಲಿಯ ಹೊಟ್ಟೆಗೆ ತಾಗಿಸಿ ಬಿಸಿ ನೋಡಿದಳು. ಸಾಲದೆಂದು ತಲೆಯಾಡಿಸಿದಳು. ಬಿಸಿ ಆರದಂತೆ ಕೇಟ್ಲಿಗೆ ಹಾಕುವ ಉಣ್ಣೆಯ ಟೋಪಿ ತೊಡಿಸಿ, ಕೈಗಳನ್ನು ಮಡಿಲಲ್ಲಿಟ್ಟು, ಚಹಾದ ರಸ ಇಳಿಯಲೆಂದು ತಾಳ್ಮೆಯಿಂದ ಕಾದಳು. ಇಂಗ್ಲೆಂಡಿನ ಪ್ರತಿಯೊಬ್ಬ ಚಿಕ್ಕಮ್ಮನೂ ಪ್ರತಿಯೊಂದು ಮಧ್ಯಾಹ್ನ ಕೂರುವ ಹಾಗೆಯೇ ಆ ಗೊರಿಲ್ಲಾ ಕೂತಿತ್ತು. ಕರ್ನಲ್ ಜಂಬ ಕೊಚ್ಚುತ್ತಲೇ ಇದ್ದ. ಗೊರಿಲ್ಲಾ ಚಹಾ ಬಗ್ಗಿಸಿ, ಅವನ ತೋಳನ್ನು ತಟ್ಟಿ, ಕಪ್ಪು ಮುಂದಿಟ್ಟಿತು.

ಧ್ವನಿಯವನು ಕರವಸ್ತ್ರ ಬಾಯಿಗೆ ತುರುಕಿಕೊಂಡಿದ್ದ. ಸ್ಟಾನ್ ಪ್ಲಾಸ್ಟರ್ ಬಂಡೆಯನ್ನು ತಬ್ಬಿಕೊಂಡು ಅಲುಗುತ್ತಿದ್ದ. ಆಸ್ಕ್ಯೂ "ಕಟ್" ಎಂದದ್ದು ಯಾರಿಗೂ ಕೇಳಲಿಲ್ಲ, ಅಷ್ಟರಲ್ಲಿ ಇಡೀ ಶೆಡ್ಡು ನಗುತ್ತಿತ್ತು. ಅಟ್ಟಣೆಯ ಮೇಲಿನವರು ಕಬ್ಬಿಣವನ್ನು ಬೂಟಿನಿಂದ ಗುದ್ದುತ್ತಿದ್ದರು.

ತಲೆ ತೆಗೆದಾಗ ಮೇಬಲ್ಲಳ ಮುಖ ಬೀಟ್ರೂಟಿನ ಬಣ್ಣಕ್ಕಿತ್ತು, ಆದರೆ ಕಣ್ಣು ಚುರುಕಾಗಿಯೇ ಇತ್ತು. ಒಳಹೊಕ್ಕು ಐವತ್ತು ನಿಮಿಷವಾಗಿತ್ತು.

"ಎಡಗಡೆ ಬಗಲಿನ ಹೊಲಿಗೆ ಬಿಟ್ಟಿದೆ" ಎಂದಳು. "ಯಾರೂ ಎಳೀಬೇಡಿ."

ಪ್ರೆಂಡರ್‌ಗಾಸ್ಟ್ ಬಾಗಿಲಿಂದ ನಡೆದು ಬಂದರು. ಅವರ ಕಣ್ಣಲ್ಲಿ ನಕ್ಕು ಬಂದ ನೀರಿತ್ತು. ಅದನ್ನು ಒರೆಸಿಕೊಳ್ಳದಿದ್ದುದು ಅವರ ಬಗ್ಗೆ ನಾನು ಹೇಳಬಹುದಾದ ಒಳ್ಳೆಯ ಮಾತು. "ಮಿಸೆಸ್ ಟಿಡ್ಮನ್, ಸೋಮವಾರ ಬೆಳಿಗ್ಗೆ ನನ್ನ ಕೋಣೆಗೆ ಬನ್ನಿ."

"ಸೋಮವಾರ ಆಸ್ಪತ್ರೆ ಚಿತ್ರಕ್ಕೆ ಮೂವತ್ತು ನರ್ಸುಗಳ ಅಳತೆ ಇದೆ" ಎಂದಳು ಮೇಬಲ್, ಗೊರಿಲ್ಲಾದ ಕೈಗಳನ್ನು ಸೊಂಟದ ಮೇಲಿಟ್ಟು. "ನಾನು ವಸ್ತ್ರ ವಿಭಾಗದಲ್ಲಿರ್ತೀನಿ. ನೀವೇ ಬನ್ನಿ."

ಅವರು ಬಂದರು. ಒಂಬತ್ತು ಗಂಟೆಗೆ, ನೇಮಕದ ಪತ್ರ ಹಿಡಿದು. ಮೇಬಲ್ಲಳ ಬಾಯಿ ತುಂಬ ಗುಂಡುಸೂಜಿಗಳಿದ್ದುದರಿಂದ, ಏಳನೆಯ ನರ್ಸಿನ ಉಡುಪಿನ ಅಂಚು ಮಡಿಸಿ ಮುಗಿಯುವ ತನಕ ಅವರು ಬಾಗಿಲಲ್ಲೇ ನಿಂತಿರಬೇಕಾಯಿತು.