ಶಾಯಿ ಹಚ್ಚಿದ ಹೆಬ್ಬೆರಳು

“ತಿಳೀಲಾರದ ಕಾಗದಕ್ಕೆ ನಾ ಹೆಬ್ಬೆಟ್ಟು ಒತ್ತಂಗಿಲ್ರಿ” ಎಂದು ಗೌರಮ್ಮಜ್ಜಿ ಶಾಯಿ ಹಚ್ಚಿದ ಬೆರಳನ್ನು ಮೇಲೆತ್ತಿ ಹಿಡಿದೇ ಕುಳಿತುಬಿಟ್ಟರು. ಹರಿಹರದಲ್ಲಿ ಅಜ್ಜಿಯ ವಕೀಲರ ಆಫೀಸು, ಅರವತ್ತರ ದಶಕದ ಆರಂಭ. ಮೈದುನ ಹೂಡಿದ ದಾವೆಯಲ್ಲಿ ಅಜ್ಜಿ ಮನೆ ಬಿಡಬೇಕೆಂದು ಮೊದಲ ಕೋರ್ಟು ಹೇಳಿತ್ತು. ಈಗ ಅಪೀಲಿನ ಜಡ್ಜ್‌ಮೆಂಟ್ ಬಂದಿತ್ತು, ಇಂಗ್ಲಿಷಿನಲ್ಲಿ. ನಕಲು ತಲುಪಿತೆಂದು ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಆತುರ ಗುಮಾಸ್ತರಿಗೆ.

ಓದಿ ಹೇಳಲೆಂದೇ ಅಜ್ಜಿ ನೆರೆಮನೆಯ ನನ್ನನ್ನು ದಾವಣಗೆರೆಯಿಂದ ಕರೆತಂದಿದ್ದರು. ಕಾನ್ವೆಂಟಿನಲ್ಲಿ ಇಂಗ್ಲಿಷಿಗೆ ನಾನೇ ಫಸ್ಟ್. ‘ಮೇಡ್ ಔಟ್’, ‘ಸೆಟ್ ಅಸೈಡ್’ ಎಂದು ಸಿಸ್ಟರ್ ಕಲಿಸಿದ ಆಕ್ಸೆಂಟಿನಲ್ಲೇ ಓದಿದೆ. ಓದಿದ್ದೇ ಬಂತು, ಮನೆ ಉಳಿಯಿತೋ ಹೋಯಿತೋ ತಿಳಿಯಲಿಲ್ಲ. ಹಾಗೆಂದು ಹೇಳಿದೆ.

“ಕಾನ್ವೆಂಟ್ ಹುಡುಗಿಗೇ ತಿಳೀಲಿಲ್ಲ, ನಿಮಗೇನ್ ತಿಳಿತೈತಜ್ಜಿ, ಒತ್ರಿ” ಎಂದು ಗುಮಾಸ್ತರು ನಕ್ಕರು. ನನಗೆ ಅಳುವೇ ಬಂತು.

“ಆಕಿ ತಿಳೀಲಿಲ್ಲ ಅಂತ ಒಪ್ಕಂಡಾಳ. ನಿಮಗ ತಿಳಿದಿದ್ರ ಹೇಳ್ರಿ, ನಾ ಕೂತಿರ್ತೀನಿ” ಎಂದರು ಅಜ್ಜಿ.

ಬೆರಳಿನ ಶಾಯಿ ಒಣಗಿತು. ಕಡೆಗೆ ಗುಮಾಸ್ತರೇ ಎದ್ದು ಹೋಗಿ ಒಳಗಿದ್ದ ವಕೀಲರನ್ನು ಕರೆತಂದರು. “‘ಸೆಟ್ ಅಸೈಡ್’ ಅಂದ್ರೆ ಹಿಂದಿನ ತೀರ್ಪು ರದ್ದಾಗೈತೆ ಅಂತ ತಾಯಿ, ಮನೆ ನಿಮ್ಮದೇ” ಎಂದರು ಅವರು. ಆಗ ಅಜ್ಜಿ ತಾವಾಗಿಯೇ ಮತ್ತೆ ಶಾಯಿ ಕೇಳಿದರು.

ನನಗೀಗ ಎಂಬತ್ತು ದಾಟಿದೆ. ಬ್ಯಾಂಕಿನಲ್ಲಿ ‘ಇಲ್ಲೊಂದು ಸೈನ್ ಮಾಡಿ ಮೇಡಂ’ ಎಂದರೆ ಕನ್ನಡಕ ಏರಿಸಿಕೊಂಡು ಪೂರ್ತಿ ಓದುತ್ತೇನೆ. ತಿಳಿಯದಿದ್ದರೆ ತಿಳಿಯಲಿಲ್ಲ ಎನ್ನುತ್ತೇನೆ. ಹಿಂದಿನ ಕ್ಯೂ ಗೊಣಗಿದರೆ ಗೊಣಗಲಿ.